ಬಜರ್‌ಗೆ ಟೇಪ್ ಸುತ್ತಬೇಡಿ

☸️ *ಇಂದಿನ ಧಮ್ಮ ಚಿಂತನೆ* ☸️



ಧಮ್ಮ ಬಂಧುಗಳೇ,

ಕಳೆದ ಆಷಾಢ ಹುಣ್ಣಿಮೆಯ ವಾರ ನಮ್ಮ ಮನೆಯವರೆಲ್ಲ ವ್ಯಾನಿನಲ್ಲಿ ಹೊರಟದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮಳೆಗಾಲದಲ್ಲಿ ಭಿಕ್ಖುಗಳು ಒಂದೇ ಕಡೆ ನೆಲೆನಿಂತು ವರ್ಷಾವಾಸ ಮಾಡಬೇಕೆಂದು ಬುದ್ಧರು ಹೇಳಿದರೆ, ನೀವು ಅದೇ ದಿನ ಮಲೆನಾಡಿಗೆ ಹೊರಟಿರಲ್ಲ ಎಂದು ಬಳಗದ ಹಿರಿಯರೊಬ್ಬರು ನಕ್ಕಿದ್ದರು. ಅವರ ಮಾತು ಕೇಳಬೇಕಿತ್ತು ಎಂದು ದಾರಿಯಲ್ಲಿ ಎರಡು ಮೂರು ಸಲ ಅನಿಸಿತು. ಆದರೆ ಆ ಪ್ರವಾಸ ನನಗೆ ಒಂದು ಪಾಠ ಕಲಿಸಿತು. ಇಂದಿನ ಚಿಂತನೆ ಅದೇ.

ಹಳೆಯ ಮಿನಿ ಬಸ್ಸೊಂದನ್ನು ಕೊಂಡು ಅದರೊಳಗೆ ಎರಡು ಮಂಚ, ಸಣ್ಣ ಅಡುಗೆ ಕಟ್ಟೆ, ಪುಸ್ತಕದ ಕಪಾಟು, ಎರಡನೆಯ ಬ್ಯಾಟರಿ, ಒಂದು ಇನ್ವರ್ಟರ್, ಒಂದು ಪುಟ್ಟ ಫ್ರಿಜ್ ಹಾಕಿಸಿದ್ದೆ. ಫ್ರಿಜ್ ಅಮ್ಮನ ಇನ್ಸುಲಿನ್‌ಗಾಗಿ. ಮನೆಯನ್ನೇ ಚಕ್ರದ ಮೇಲೆ ಕಟ್ಟಿಕೊಂಡು ಯಾಕೆ ತಿರುಗಬೇಕು, ಲಾಡ್ಜ್ ಇಲ್ಲವೇ ಎಂದು ಕೆಲವರು ಕೇಳಿದರು. ನಿಮಗೆ ನಾನು ಉತ್ತರ ಹೇಳಬೇಕಿಲ್ಲ. ಊರು ಯಾವುದು ಎಂಬ ಪ್ರಶ್ನೆಯ ಹಿಂದೆ ಬರುವ ಎರಡನೆಯ ಪ್ರಶ್ನೆ ಯಾವುದೆಂದು ನಮಗೆಲ್ಲ ಗೊತ್ತು. ಆ ಪ್ರಶ್ನೆಗೆ ಉತ್ತರಿಸದೆ ಒಂದು ರಾತ್ರಿ ನೆಮ್ಮದಿಯಾಗಿ ಮಲಗುವ ಜಾಗ ಬೇಕಿತ್ತು ನನಗೆ.

ಮುಂಡಗೋಡ, ಯಲ್ಲಾಪುರ, ಸೋಂದಾ, ಶಿರಸಿ, ಕೊನೆಗೆ ಬನವಾಸಿ. ಇದು ನಮ್ಮ ದಾರಿ. ಮುಂಡಗೋಡದಲ್ಲಿ ಟಿಬೆಟಿನ ಬಂಧುಗಳು 1966ರಿಂದ ನೆಲೆಸಿದ್ದಾರೆ. ಅಲ್ಲಿ ಎರಡು ದಿನ ಇದ್ದೆವು. ಬನವಾಸಿಗೆ ಯಾಕೆಂದರೆ, ಅಶೋಕನ ಕಾಲದ ಮೂರನೆಯ ಸಂಗೀತಿಯ ನಂತರ ರಕ್ಖಿತ ಥೇರರು ವನವಾಸ ದೇಶಕ್ಕೆ ಧಮ್ಮ ಹೇಳಲು ಬಂದರೆಂದು ಮಹಾವಂಶ ದಾಖಲಿಸಿದೆ. ಆ ವನವಾಸ ನಮ್ಮ ಬನವಾಸಿ ಸೀಮೆಯೇ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಧಮ್ಮ ನಡೆದುಬಂದ ನೆಲವನ್ನು ಮಗಳಿಗೆ ತೋರಿಸಬೇಕಿತ್ತು.

*ಕೂಗು ಶುರುವಾಯಿತು*

ಮುಂಡಗೋಡದಲ್ಲೇ ಇನ್ವರ್ಟರ್ 'ಪೀಂ ಪೀಂ' ಎಂದು ಕೂಗಲು ತೊಡಗಿತು. ಒಮ್ಮೆ ಕೂಗುವುದು, ಎದ್ದು ಹೋಗಿ ನೋಡುವಷ್ಟರಲ್ಲಿ ಸುಮ್ಮನಾಗುವುದು. ಮತ್ತೆ ಅರ್ಧ ದಿನ ಸದ್ದಿಲ್ಲ. ಪೂರ್ತಿ ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಆಗಾಗ ಕೆಡುವ ಯಂತ್ರ ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸುತ್ತದೆ.

ದಾರಿಯ ಗ್ಯಾರೇಜೊಂದರಲ್ಲಿ ಬ್ಯಾಟರಿ ಹೋಗಿದೆ ಎಂದರು. ಹೊಸ ಬ್ಯಾಟರಿ ಹಾಕಿಸಿದೆ. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಮತ್ತೆ ಪೀಂ ಪೀಂ. ಪೆಟ್ರೋಲ್ ಬಂಕಿನಲ್ಲಿ ಒಬ್ಬರು ಮುಂದುಗಡೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಲ್ಲವಲ್ಲ, ಹೊಸ ಗಾಡಿಗೆ ದೃಷ್ಟಿಯಾಗಿರುತ್ತದೆ ಎಂದರು. ನಾವು ಬೌದ್ಧರು, ಅದನ್ನೆಲ್ಲ ನಂಬುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿ ಗಾಡಿ ಹತ್ತಿದೆ.

ಹತ್ತಿದ ಮೇಲೆ ನಾನು ಮಾಡಿದ್ದೇನು? ಡ್ಯಾಶ್‌ಬೋರ್ಡಿನ ಮೇಲಿದ್ದ ಬುದ್ಧರ ಮೂರ್ತಿಗೆ ಕೈಮುಗಿದೆ. 'ಬನವಾಸಿ ಮುಟ್ಟುವ ತನಕ ಏನೂ ಆಗದಿರಲಿ' ಎಂದುಕೊಂಡೆ. ನಿಂಬೆಹಣ್ಣಿನ ಜಾಗದಲ್ಲಿ ಬುದ್ಧರನ್ನು ಕೂರಿಸಿದ್ದೆ, ಅಷ್ಟೇ. ಬುದ್ಧ ಮೋಕ್ಷದಾತನಲ್ಲ, ಮಾರ್ಗದಾತ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ವಿವರಿಸಿದ್ದನ್ನು ಇದೇ ಬಳಗದಲ್ಲಿ ನಾನೇ ಓದಿ ಹೇಳಿದ್ದೆ. ದಾರಿ ತೋರಿದವರ ಮೂರ್ತಿಯಿಂದ ವೈರ್ ಸರಿಹೋಗುವುದಿಲ್ಲ.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಅದು ಇನ್ನೂ ದೊಡ್ಡ ತಪ್ಪು. ಅಮ್ಮನಿಗೆ ನಿದ್ದೆ ಕೆಡುತ್ತದೆ ಎಂದು ಬಜರ್ ಇರುವ ತೂತಿಗೆ ಬಟ್ಟೆ ತುರುಕಿ ಮೇಲೆ ಕಪ್ಪು ಟೇಪ್ ಸುತ್ತಿದೆ. ಕೂಗು ಪಿಸುಮಾತಾಯಿತು. ಸಮಸ್ಯೆ ಮುಗಿಯಿತು ಎಂದು ನಿದ್ದೆ ಮಾಡಿದೆ.

ಮಗಳು ಮಾತ್ರ ಒಂದು ನೋಟ್‌ಬುಕ್ ಹಿಡಿದಿದ್ದಳು. ಪಿಯುಸಿ ವಿಜ್ಞಾನ ಓದುತ್ತಾಳೆ. ಕೂಗಿದಾಗಲೆಲ್ಲ ಒಂದು ಸಾಲು ಬರೆಯುವುದು: ಎಷ್ಟು ಗಂಟೆ, ಯಾವ ಊರು, ಮಳೆ ಇತ್ತೇ, ಎಂಜಿನ್ ಓಡುತ್ತಿತ್ತೇ, ಒಳಗೆ ಏನು ಆನ್ ಇತ್ತು. ಟೇಪ್ ಸುತ್ತಿದ ಮೇಲೂ ಕಿವಿಯಿಟ್ಟು ಕೇಳಿ ಬರೆದಳು.

*ಸೋಂದಾದ ರಾತ್ರಿ*

ಯಲ್ಲಾಪುರದಿಂದ ಶಿರಸಿ ಕಡೆ ಬರುತ್ತ ಸೋಂದಾಕ್ಕೆ ತಿರುಗಿದಾಗ ಕತ್ತಲಾಗಿತ್ತು. ಬೆಳಿಗ್ಗೆ ಮುಂಡಿಗೆ ಕೆರೆಯಲ್ಲಿ ಹಕ್ಕಿ ನೋಡಬೇಕೆಂಬ ಆಸೆ. ಮಳೆ ಬಿಡುವ ಲಕ್ಷಣವಿರಲಿಲ್ಲ. ರಸ್ತೆ ಬದಿಯ ಅಗಲ ಜಾಗದಲ್ಲಿ ಗಾಡಿ ನಿಲ್ಲಿಸಿದೆವು. ಹೆಂಡತಿ ರೈಸ್ ಕುಕ್ಕರ್ ಹಾಕಿದಳು. ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಪೂರ್ತಿ ಬಂದ್ ಆಯಿತು. ಫ್ರಿಜ್ ನಿಂತಿತು. ಮತ್ತೆ ಹಚ್ಚಿದರೆ ಹತ್ತು ನಿಮಿಷ ನಡೆಯುವುದು, ನಿಲ್ಲುವುದು. ಅಮ್ಮನ ಒಂದು ತಿಂಗಳ ಇನ್ಸುಲಿನ್ ಅದರೊಳಗೆ.

ಸಮೀಪದಲ್ಲಿ ತೋಟದ ಪಕ್ಕ ಒಂದು ಮನೆ. ಕೊಡೆ ಹಿಡಿದು ಹೋಗಿ ಕೇಳಿದೆ: ಒಂದು ರಾತ್ರಿ ಒಂದು ಪ್ಲಗ್ ಪಾಯಿಂಟ್ ಕೊಡಿ, ಹಣ ಕೊಡುತ್ತೇನೆ.

ಮನೆಯ ಹಿರಿಯರು ಹೊರಬಂದರು. ಎಲ್ಲಿಂದ ಬಂದಿರಿ ಎಂದರು. ಹೇಳಿದೆ. ಆಮೇಲೆ ಆ ಎರಡನೆಯ ಪ್ರಶ್ನೆ ಬಂತು. "ನೀವು ಯಾವ ಪೈಕಿ?"

ಬಂಧುಗಳೇ, ದೀಕ್ಷೆ ತಗೊಂಡು ಇಪ್ಪತ್ತು ವರ್ಷವಾಗಿದೆ ನನಗೆ. ವೇದಿಕೆ ಹತ್ತಿ ಮಾತಾಡಿದ್ದೇನೆ. ಆ ರಾತ್ರಿ ಆ ಜಗುಲಿಯ ಕೆಳಗೆ ಮಳೆಯಲ್ಲಿ ನಿಂತು ನಮ್ಮದಲ್ಲದ ಒಂದು ಜಾತಿಯ ಹೆಸರು ಹೇಳಿದೆ.

ಅವರು ತಲೆಯಾಡಿಸಿ ಒಳಗಿನಿಂದ ಉದ್ದ ವೈರ್ ತಂದು ಕೊಟ್ಟರು. ಒಳ್ಳೆಯ ಮನುಷ್ಯರೇ. ಒಂದು ಚೊಂಬು ಬಿಸಿನೀರನ್ನೂ ಕಳಿಸಿದರು. ಗಾಡಿಯ ಪಕ್ಕದಲ್ಲಿ ನಾವು ಬರೆಸಿದ್ದ ನೀಲಿ ಧಮ್ಮಚಕ್ರ ಅವರ ಮನೆಗೆ ಕಾಣದ ಹಾಗೆ ಗಾಡಿಯನ್ನು ತಿರುಗಿಸಿ ನಿಲ್ಲಿಸಿದೆ. ಮಗಳು ಕೊಡೆ ಹಿಡಿದು ನೋಡುತ್ತಿದ್ದಳು. ಏನೂ ಮಾತಾಡಲಿಲ್ಲ.

ಬೆಳಿಗ್ಗೆ ನೋಟ್‌ಬುಕ್ಕಿನ ಕೊನೆಯ ಸಾಲು ಓದಿದೆ. "ರಾತ್ರಿ 9:20. ಸೋಂದಾ. ಮಳೆ. ಎಂಜಿನ್ ಆಫ್. ಫ್ರಿಜ್, ಕುಕ್ಕರ್ ಆನ್. ಅಪ್ಪ ಸುಳ್ಳು ಹೇಳಿದರು."

*ಸರಿಯಾದ ಪ್ರಶ್ನೆ*

ಬೆಳಿಗ್ಗೆ ತೋಟದ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬರು ಸಿಕ್ಕರು. ವಯಸ್ಸಾದವರು. ನಮ್ಮನ್ನು ಯಾರೆಂದು ಕೇಳಲಿಲ್ಲ. ಇನ್ವರ್ಟರ್ ಯಾವ ಕಂಪನಿಯದೆಂದೂ ಕೇಳಲಿಲ್ಲ. ಅವರ ಮೊದಲ ಪ್ರಶ್ನೆ: "ಯಾವಾಗ ಕೂಗ್ತದೆ? ಯಾವಾಗ ಕೂಗೋದಿಲ್ಲ?"

ಮಗಳು ನೋಟ್‌ಬುಕ್ ಕೊಟ್ಟಳು. ಹತ್ತು ಸಾಲುಗಳನ್ನು ನಿಧಾನವಾಗಿ ಓದಿದರು. ಕೊನೆಯ ಸಾಲನ್ನೂ ಓದಿದರು. ಅದರ ಬಗ್ಗೆ ಏನೂ ಅನ್ನಲಿಲ್ಲ. ಎಂಜಿನ್ ಓಡುವಾಗ ಒಮ್ಮೆಯೂ ಕೂಗಿಲ್ಲ. ಬರೀ ದೀಪ ಹಚ್ಚಿದಾಗ ಕೂಗಿಲ್ಲ. ಕುಕ್ಕರ್ ಹಾಕಿದಾಗ, ಫ್ರಿಜ್ ಮೋಟಾರ್ ಎದ್ದಾಗ ಕೂಗಿದೆ. ಮಳೆಯ ದಿನ ಹೆಚ್ಚು, ಗುಂಡಿಬಿದ್ದ ರಸ್ತೆಯಲ್ಲಿ ಬಂದ ಮೇಲೆ ಇನ್ನೂ ಹೆಚ್ಚು.

ಕುಕ್ಕರ್ ಹಚ್ಚಿಸಿ ಮಲ್ಟಿಮೀಟರ್ ಹಿಡಿದರು. ಬ್ಯಾಟರಿಯ ಕಂಬಗಳ ಮೇಲೆ 12.2 ವೋಲ್ಟ್. ಇನ್ವರ್ಟರಿನ ಬಾಯಲ್ಲಿ 10.6. ಹನ್ನೊಂದಕ್ಕಿಂತ ಕೆಳಗಿಳಿದರೆ ಅದು ಕೂಗುತ್ತದೆ.

"ಬ್ಯಾಟರೀಲಿ ಇದೆ, ಇವನಿಗೆ ಮುಟ್ತಾ ಇಲ್ಲ. ನಡುವೆ ಯಾರೋ ತಿಂತಾ ಇದ್ದಾರೆ" ಎಂದರು. ನಮ್ಮ ಜನರಿಗೆ ಬರಬೇಕಾದ ಅನುದಾನದ ಕಥೆ ನೆನಪಾಗಿ ನಗು ಬಂತು.

ಪಾಸಿಟಿವ್ ವೈರಿನಲ್ಲಿ ಅಳೆದರು: 0.1 ವೋಲ್ಟ್ ಮಾತ್ರ ನಷ್ಟ. ನೆಗೆಟಿವ್ ಕಡೆ ಅಳೆದರು: 1.5 ವೋಲ್ಟ್. ಕಳ್ಳ ಅಲ್ಲಿದ್ದ. ಅಮ್ಮನ ಮಂಚದ ಹಲಗೆ ಎತ್ತಿಸಿದರು. ನೆಗೆಟಿವ್ ಕೇಬಲ್ಲನ್ನು ಗಾಡಿಯ ಚಾಸಿಗೆ ಒಂದು ಬೋಲ್ಟ್ ಹಾಕಿ ಬಿಗಿದಿದ್ದರು. ಕೆಳಗಿನ ಬಣ್ಣ ಕೆರೆದಿರಲಿಲ್ಲ. ಮಳೆನೀರಿನ ತೇವಕ್ಕೆ ತುಕ್ಕು, ತಾಮ್ರಕ್ಕೆ ಹಸಿರು ಪುಡಿ. ಬೋಲ್ಟ್ ಕೈಯಲ್ಲೇ ತಿರುಗುತ್ತಿತ್ತು. ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಕಂದಾಗಿ ಗಟ್ಟಿಯಾಗಿತ್ತು.

ಅವರು ಲೆಕ್ಕ ಹೇಳಿದರು. ಕುಕ್ಕರ್ ನಡೆಯುವಾಗ ಸುಮಾರು 30 ಆಂಪಿಯರ್ ಹರಿಯುತ್ತದೆ. ಆ ಸಡಿಲ ಜಾಗದಲ್ಲಿ 1.5 ವೋಲ್ಟ್ ಕಳೆದುಹೋದರೆ, 45 ವ್ಯಾಟ್ ಅಲ್ಲೇ ಶಾಖವಾಗುತ್ತದೆ. ಬೆಸುಗೆ ಹಾಕುವ ಕಡ್ಡಿಯಷ್ಟು ಬಿಸಿ, ಮರದ ಹಲಗೆಯ ಕೆಳಗೆ. ಇದಕ್ಕೆ ಫ್ಯೂಸ್ ಹಾರುವುದಿಲ್ಲ. ಯಾಕೆಂದರೆ ಕರೆಂಟ್ ಹೆಚ್ಚಾಗಿಲ್ಲ, ತಪ್ಪು ಜಾಗದಲ್ಲಿ ಖರ್ಚಾಗುತ್ತಿದೆ. ಎಚ್ಚರಿಸಲು ಇದ್ದದ್ದು ಆ ಪೀಂ ಪೀಂ ಒಂದೇ.

ಅದಕ್ಕೆ ನಾನು ಟೇಪ್ ಸುತ್ತಿದ್ದೆ. ಆ ಹಲಗೆಯ ಮೇಲೆ ನನ್ನ ತಾಯಿ ಮಲಗುತ್ತಿದ್ದಳು.

ಎಂಜಿನ್ ಓಡುವಾಗ ಯಾಕೆ ಕೂಗಲಿಲ್ಲ? ಆಗ ಆಲ್ಟರ್ನೇಟರ್ 14 ವೋಲ್ಟಿನ ಆಸುಪಾಸು ಕೊಡುತ್ತಿರುತ್ತದೆ. ಒಂದೂವರೆ ಹೋದರೂ ಹನ್ನೊಂದರ ಮೇಲೆಯೇ ಉಳಿಯುತ್ತದೆ. ಅಂದರೆ ಸದ್ದಿಲ್ಲದಾಗಲೂ ದೋಷ ಇತ್ತು. ಹೊಸ ಬ್ಯಾಟರಿ ಹಾಕಿದಾಗ ಎರಡು ದಿನ ಯಾಕೆ ಸುಮ್ಮನಿತ್ತು? ಬ್ಯಾಟರಿ ಬದಲಿಸುವಾಗ ಕೇಬಲ್ ಅಲುಗಾಡಿ ಆ ಬೋಲ್ಟ್ ಸ್ವಲ್ಪ ಕೂತುಕೊಂಡಿತ್ತು, ಅಷ್ಟೇ.

ಇದನ್ನು ಕೇಳಿ ನಾನು ಬಹಳ ಹೊತ್ತು ಯೋಚಿಸಿದೆ. ಅಂದು ನಾನು ನಿಂಬೆಹಣ್ಣು ಕಟ್ಟಿದ್ದರೆ, ಆ ಎರಡು ದಿನದ ಮೌನದ ಕೀರ್ತಿ ನಿಂಬೆಹಣ್ಣಿಗೆ ಹೋಗುತ್ತಿತ್ತು. ಹರಕೆಗಳು 'ಫಲಿಸುವುದು' ಹೀಗೆಯೇ. ದೋಷ ತಾನಾಗಿ ಎರಡು ದಿನ ಅಡಗಿರುತ್ತದೆ, ನಾವು ಮಾಡಿದ್ದಕ್ಕೆ ಹೆಸರು ಬರುತ್ತದೆ.

*ಧಮ್ಮ ಹೇಳುವುದೂ ಇದನ್ನೇ*

ಎಲ್ಲವೂ ಕಾರಣಗಳು ಕೂಡಿದಾಗ ಹುಟ್ಟುತ್ತದೆ, ಕಾರಣ ತಪ್ಪಿದಾಗ ಇಲ್ಲವಾಗುತ್ತದೆ ಎಂಬುದು ಪಟಿಚ್ಚಸಮುಪ್ಪಾದದ ತಿರುಳು. ಆ ಪಂಪ್‌ಸೆಟ್ ಮೆಕ್ಯಾನಿಕ್ ಸುತ್ತ ಓದಿರಲಿಕ್ಕಿಲ್ಲ. ಆದರೆ ಯಾವಾಗ ಕೂಗುತ್ತದೆ, ಯಾವಾಗ ಕೂಗುವುದಿಲ್ಲ ಎಂಬ ಅವರ ಪ್ರಶ್ನೆ ಅಪ್ಪಟ ಯೋನಿಸೋ ಮನಸಿಕಾರ, ಅಂದರೆ ಬುಡಕ್ಕೆ ಇಳಿದು ಯೋಚಿಸುವುದು. ದುಃಖ ಇದೆ ಎಂದು ಒಪ್ಪಬೇಕು. ಕಾರಣ ಹುಡುಕಬೇಕು. ನಿಲ್ಲಿಸಬಹುದು ಎಂದು ತಿಳಿಯಬೇಕು. ನಿಲ್ಲಿಸುವ ಕೆಲಸವನ್ನು ಕೈಯಾರೆ ಮಾಡಬೇಕು. ನಾಲ್ಕು ಆರ್ಯಸತ್ಯಗಳಲ್ಲಿ ಮೊದಲನೆಯದಕ್ಕೇ ಟೇಪ್ ಸುತ್ತಿದರೆ ಉಳಿದ ಮೂರಕ್ಕೆ ದಾರಿ ಎಲ್ಲಿ?

ಕಿಂಸುಕ ಸುತ್ತದಲ್ಲಿ ಬುದ್ಧರು ಸತಿಯನ್ನು ಗಡಿಯ ಪಟ್ಟಣದ ಬಾಗಿಲು ಕಾಯುವವನಿಗೆ ಹೋಲಿಸುತ್ತಾರೆ. ಕಾವಲುಗಾರ ಕೂಗಿದರೆ ನಿದ್ದೆ ಕೆಡುತ್ತದೆ, ನಿಜ. ಅವನ ಬಾಯಿಗೆ ಬಟ್ಟೆ ತುರುಕಿದರೆ ಪಟ್ಟಣ ಉಳಿಯುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಎಲ್ಲ ಅಲಾರಂಗಳೂ ಒಂದೇ ಅಲ್ಲ. ಗ್ಯಾಸ್ ಅಲಾರಂ ಕೂಗಿದರೆ, ಗ್ಯಾಸಿನ ವಾಸನೆ ಬಂದರೆ, ನೋಟ್‌ಬುಕ್ ಹಿಡಿದು ಕೂರಬೇಡಿ. ಯಾವ ಸ್ವಿಚ್ಚನ್ನೂ ಮುಟ್ಟದೆ ಮೊದಲು ಎಲ್ಲರನ್ನೂ ಕೆಳಗಿಳಿಸಿ, ಬಾಗಿಲು ತೆರೆದಿಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ವಿಷದ ಬಾಣ ನೆಟ್ಟವನಿಗೆ ಬಾಣ ಬಿಟ್ಟವನ ಊರು, ಕುಲ ವಿಚಾರಿಸುವ ಮೊದಲು ಬಾಣ ಕೀಳಬೇಕು ಎಂದು ಮಾಲುಂಕ್ಯಪುತ್ತನಿಗೆ ತಥಾಗತರು ತಿಳಿಸಿದ್ದು ಇದಕ್ಕೇ.

*ಒಳಗಿನ ಪೀಂ ಪೀಂ*

ಬೋಲ್ಟ್ ಬಿಚ್ಚುತ್ತಿದ್ದಾಗ ನನ್ನ ಮನಸ್ಸು ನೋಟ್‌ಬುಕ್ಕಿನ ಹತ್ತನೆಯ ಸಾಲಿನಲ್ಲೇ ಇತ್ತು. ರಾತ್ರಿಯಿಡೀ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅದಕ್ಕೂ ಟೇಪ್ ಸುತ್ತಿದ್ದೆ: ಅಮ್ಮನಿಗಾಗಿ ಹೇಳಿದೆ, ಮಳೆ ಇತ್ತು, ಎಲ್ಲರೂ ಹೇಳುತ್ತಾರೆ.

ಹಿರಿ, ಓತ್ತಪ್ಪ ಎಂಬ ಎರಡು ಗುಣಗಳು ಲೋಕವನ್ನು ಕಾಯುತ್ತವೆ ಎಂದು ಬುದ್ಧರು ಹೇಳಿದ್ದಾರೆ. ತಪ್ಪು ಮಾಡಲು ನಾಚಿಕೆ, ತಪ್ಪಿನ ಫಲದ ಅಂಜಿಕೆ. ಇವು ಮನಸ್ಸಿನ ಬಜರ್‌ಗಳು. ಆದರೆ ನಮ್ಮ ಜನರ ಎದೆಯಲ್ಲಿ ಇನ್ನೊಂದು ನಾಚಿಕೆಯನ್ನೂ ಸಾವಿರಾರು ವರ್ಷ ತುಂಬಿಟ್ಟಿದ್ದಾರೆ: ಹುಟ್ಟಿನ ನಾಚಿಕೆ. ಎರಡೂ ಒಂದೇ ತರಹ ಕೂಗುತ್ತವೆ. ಮೊದಲನೆಯದು ನಮ್ಮನ್ನು ಕಾಯುವ ಎಚ್ಚರಿಕೆ. ಎರಡನೆಯದು ಬೇರೆಯವರು ನಮ್ಮೊಳಗೆ ಬಿಟ್ಟುಹೋದ ತುಕ್ಕು. ಯಾವ ವೈರಿನಿಂದ ಸದ್ದು ಬರುತ್ತಿದೆ ಎಂದು ಅಳೆದು ನೋಡುವುದೇ ನಮ್ಮ ಸಾಧನೆ.

ಅಳೆದು ನೋಡಿದೆ. ಜಗುಲಿಯ ಕೆಳಗೆ ನಾನು ಬಾಯಿಬಿಟ್ಟಾಗ ಕೂಗಿದ್ದು ಹುಟ್ಟಿನ ನಾಚಿಕೆ. ಹಾಸಿಗೆಯಲ್ಲಿ ಮಲಗಿದಾಗ ಕೂಗಿದ್ದು ಹಿರಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಬಾಡಿಗೆ ಮನೆಗಾಗಿ, ಮಕ್ಕಳ ಹಾಸ್ಟೆಲ್ಲಿಗಾಗಿ, ಜೀವ ಉಳಿಸಿಕೊಳ್ಳಲು ಹೆಸರು ಮುಚ್ಚಿಟ್ಟ ಬಂಧುಗಳನ್ನು ನಾನು ದೂರುವುದಿಲ್ಲ. ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರೇ ಬರೋಡಾದಲ್ಲಿ ತಂಗಲು ಜಾಗ ಸಿಗದೆ ಪಾರ್ಸಿ ಹೆಸರಿನಲ್ಲಿ ಒಂದು ಪಾರ್ಸಿ ವಸತಿಗೃಹದಲ್ಲಿ ಇರಬೇಕಾಯಿತು. ಹನ್ನೊಂದನೆಯ ದಿನ ಕೋಲು ಹಿಡಿದು ಬಂದವರು ಅವರನ್ನು ಹೊರಹಾಕಿದರು. ಅದನ್ನು ಅವರು ಮುಚ್ಚಿಡಲಿಲ್ಲ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಎಲ್ಲವನ್ನೂ ಬರೆದಿಟ್ಟರು. ಅವರ ನೋಟ್‌ಬುಕ್ ಅದು. ಎಲ್ಲಿ, ಯಾವಾಗ, ಯಾರು ಕೇಳಿದರು, ಏನಾಯಿತು. ಆ ಸುಳ್ಳಿನ ಕಾರಣ ಹುಡುಕುತ್ತ ವೈರ್ ಹಿಡಿದು ಹೋದರೆ ಕೊನೆಗೆ ಸಿಗುವ ತುಕ್ಕು ಜಾತಿ. ಆ ತುಕ್ಕನ್ನು ಕೆರೆಯುವ ಕೆಲಸವೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಅವರು ಕೈಗೊಂಡದ್ದು.

ಆದರೆ ನನ್ನ ಮುಂದೆ ಕೋಲು ಹಿಡಿದವರು ಯಾರೂ ಇರಲಿಲ್ಲ. ಎಂಜಿನ್ ಹಚ್ಚಿಟ್ಟಿದ್ದರೂ ಫ್ರಿಜ್ ನಡೆಯುತ್ತಿತ್ತು. ನನಗೆ ಬೇರೆ ದಾರಿ ಇತ್ತು. ಸುಳ್ಳು ಹೇಳುವುದಿಲ್ಲ ಎಂಬುದು ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂದು. ಅದನ್ನು ಮಗಳಿಗೆ ಹೇಳಿಕೊಟ್ಟವನೂ ನಾನೇ.

*ರಿಪೇರಿ*

ಅವರು ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಸುಟ್ಟ ತುದಿ ಕತ್ತರಿಸಿ ಹೊಸ ಲಗ್ ಒತ್ತಿದರು. ಚಾಸಿಯ ಬೋಲ್ಟನ್ನು ನಂಬದೆ, ದಪ್ಪ ಕೇಬಲ್ಲನ್ನು ಇನ್ವರ್ಟರಿನಿಂದ ನೇರ ಬ್ಯಾಟರಿಗೆ ಎಳೆದರು. ಚಾಸಿಯ ಜಾಗವನ್ನೂ ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ನೆಗೆಟಿವ್ ಕೊನೆಯಲ್ಲಿ ಜೋಡಿಸಿದರು. ಮುಗಿಯಿತೇ ಎಂದೆ. "ಅಳೀದೆ ಮುಗೀತು ಅನ್ಬಾರ್ದು" ಎಂದು ಮತ್ತೆ ಕುಕ್ಕರ್ ಹಚ್ಚಿಸಿ ಮೀಟರ್ ಹಿಡಿದರು. ನೆಗೆಟಿವ್ ಕಡೆ ನಷ್ಟ 0.05 ವೋಲ್ಟ್. ಕೊನೆಗೆ ಬಜರ್ ಮೇಲಿನ ನನ್ನ ಟೇಪನ್ನು ಉಗುರಿನಿಂದ ಕಿತ್ತು ನನ್ನ ಕೈಯಲ್ಲಿಟ್ಟರು.

ವೈರ್ ಹಿಂದಿರುಗಿಸಲು ಆ ಮನೆಗೆ ಹೋದೆ. ಮಗಳನ್ನೂ ಕರೆದುಕೊಂಡು ಹೋದೆ. ಹಿರಿಯರು ಜಗುಲಿಯಲ್ಲಿದ್ದರು. ಧನ್ಯವಾದ ಹೇಳಿ, "ನಿನ್ನೆ ರಾತ್ರಿ ನಾನು ಹೇಳಿದ್ದು ಸುಳ್ಳು. ನಾವು ಬೌದ್ಧರು. ಬಾಬಾಸಾಹೇಬ್ ಅಂಬೇಡ್ಕರರ ಜನ" ಎಂದೆ. ನನ್ನ ಕಾಲು ನಡುಗುತ್ತಿತ್ತು ಎಂದು ಹೇಳಲು ನಾಚಿಕೆಯಿಲ್ಲ.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಏನೂ ಹೇಳಲಿಲ್ಲ. ವೈರ್ ಸುತ್ತಿಕೊಂಡು ಒಳಗೆ ಹೋದರು. ಅವರ ಮನಸ್ಸಿನಲ್ಲಿ ಏನು ನಡೆಯಿತೋ ಅದು ಅವರ ವೈರ್. ನನ್ನ ವೈರನ್ನು ನಾನು ಬಿಗಿದಿದ್ದೆ.

ಮುಂಡಿಗೆ ಕೆರೆಗೆ ಹೋದಾಗ ಮಳೆ ಸ್ವಲ್ಪ ಬಿಟ್ಟಿತ್ತು. ಮುಂಡಿಗೆ ಗಿಡಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ಒಂದು ಹದ್ದು ಸುಳಿದಾಗ ಯಾವುದೋ ಒಂದು ಹಕ್ಕಿ ಕೂಗಿತು, ಕೆರೆಯೆಲ್ಲ ಎಚ್ಚರವಾಯಿತು. ಮಗಳು ನೋಟ್‌ಬುಕ್ ತೆರೆದು ಹನ್ನೊಂದನೆಯ ಸಾಲು ಬರೆದಳು. ಏನು ಬರೆದಳೆಂದು ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಗಾಡಿಯನ್ನು ಶಿರಸಿ ಕಡೆ ತಿರುಗಿಸಿದೆ. ನೀಲಿ ಚಕ್ರ ರಸ್ತೆಗೆ ಕಾಣುತ್ತಿತ್ತು.

*ಇಂದಿನ ಅಭ್ಯಾಸ*

ಬಾಲಕ ರಾಹುಲನಿಗೆ ಬುದ್ಧರು ಹೇಳಿಕೊಟ್ಟದ್ದು ಸರಳ: ಕೆಲಸ ಮಾಡುವ ಮೊದಲು ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು. ಈ ಏಳು ದಿನ ಒಂದು ಸಣ್ಣ ನೋಟ್‌ಬುಕ್ ಇಡಿ. ಕೋಪ ಇರಲಿ, ಅಂಜಿಕೆ ಇರಲಿ, ಕುಡಿಯುವ ಆಸೆ ಇರಲಿ, ಸುಳ್ಳು ಇರಲಿ, ನಿಮ್ಮನ್ನು ಆಗಾಗ ಚುಚ್ಚುವ ಒಂದನ್ನು ಮಾತ್ರ ಆರಿಸಿಕೊಳ್ಳಿ.

1️⃣ ಅದು ಯಾವಾಗ ಕೂಗಿತು, ಆಗ ಏನೇನು ಇತ್ತು, ಬರೆಯಿರಿ.
2️⃣ ಯಾವಾಗ ಕೂಗಲಿಲ್ಲ, ಅದನ್ನೂ ಬರೆಯಿರಿ.
3️⃣ ಇದು ಕಾಯುವ ನಾಚಿಕೆಯೋ, ಯಾರೋ ಹಚ್ಚಿದ ತುಕ್ಕೋ ಎಂದು ಕೇಳಿಕೊಳ್ಳಿ.
4️⃣ ಬಿಗಿಯಬೇಕಾದ ಒಂದು ಬೋಲ್ಟ್ ಸಿಕ್ಕರೆ ಅದೇ ದಿನ ಬಿಗಿಯಿರಿ. ಮರುದಿನ ಅಳೆದು ನೋಡಿ.

ಭಾನುವಾರದ ಬಳಗದಲ್ಲಿ, ಇಷ್ಟವಿದ್ದವರು ಒಂದು ಸಾಲು ಓದಿ. ಮೊದಲು ನಾನು ಓದುತ್ತೇನೆ. ಆ ಕಪ್ಪು ಟೇಪಿನ ತುಂಡನ್ನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಂಡಿದ್ದೇನೆ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ 🙏 ಜೈ ಭೀಮ್ 💙

_ಓದಿ, ಯೋಚಿಸಿ, ಮನೆಯ ಮಕ್ಕಳಿಗೂ ಓದಿಹೇಳಿ._